ತಕಾನಿನಿಯಿಂದ ಬಂದ ಬೀಗರು

ಮೈಸೂರಿನಿಂದ ಹೊರಟಾಗ ನನ್ನ ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಬೆಚ್ಚಗೆ ಮಲಗಿ ಬಂದದ್ದು ಒಂದು ಈಳಿಗೆಮಣೆ. ಮರದ ಸಾಮಾನು ತಂದವರೆಲ್ಲ ತೋರಿಸಲೇಬೇಕೆಂಬ ನಿಯಮಕ್ಕೆ ತಲೆಬಾಗಿ ಆಕ್ಲೆಂಡ್ ವಿಮಾನ ನಿಲ್ದಾಣದಲ್ಲಿ ಅದನ್ನು ಮೇಜಿನ ಮೇಲಿಟ್ಟಾಗ, ಅಲ್ಲಿದ್ದ ಅಧಿಕಾರಿ ಅದರ ಬಾಗಿದ ಕತ್ತಿಯನ್ನೂ ತುದಿಯ ಹಲ್ಲುಗಳನ್ನೂ ದಿಟ್ಟಿಸಿ, ಇದು ಯಾವ ಯುದ್ಧದಲ್ಲಿ ಉಳಿದದ್ದು ಎಂಬಂತೆ ನನ್ನತ್ತ ಹುಬ್ಬೇರಿಸಿದ. ಬಾಯಿಮಾತಿನಲ್ಲಿ ವಿವರಿಸಲು ಹೋಗಿ ಸೋತು, ಕೊನೆಗೆ ನಾನು ಅಲ್ಲೇ ನೆಲದ ಮೇಲೆ ಒಂದು ಕಾಲು ಮಡಿಸಿ ಕೂತು, ಇಲ್ಲದ ತೆಂಗಿನ ಹೋಳೊಂದನ್ನು ಎರಡೂ ಕೈಯಲ್ಲಿ ಹಿಡಿದು ಗರಗರ ತಿರುಗಿಸಿ ತೋರಿಸಿದೆ. ಆತ ನಕ್ಕು ಬಿಟ್ಟುಬಿಟ್ಟ. ಈ ದೇಶದ ನೆಲ ಮುಟ್ಟಿದ ಮೇಲೆ ನಾನು ಮಾಡಿದ ಮೊದಲ ಕೆಲಸ ಯಾವುದೆಂದು ಯಾರಾದರೂ ಕೇಳಿದರೆ, ಗಾಳಿಯಲ್ಲಿ ಕಾಯಿ ತುರಿದದ್ದು ಎಂದೇ ಹೇಳಬೇಕು.

ಹ್ಯಾಮಿಲ್ಟನ್ನಿನಲ್ಲಿ ನಾವು ಮನೆ ಮಾಡಿದೆವು. ನಮ್ಮ ಯಜಮಾನರು, ಶ್ರೀಕಂಠ, ಹಾಲಿನ ಪುಡಿ ಮಾಡುವ ಯಂತ್ರಗಳಿಗೆ ಕೊಳವೆಗಳ ನಕ್ಷೆ ಬರೆಯುವ ಇಂಜಿನಿಯರು. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಕಂಡವರ ರಕ್ತ ನೋಡುವವಳು. ಮಕ್ಕಳಿಲ್ಲದ ಮನೆಯಾದ್ದರಿಂದ ನಿಶ್ಶಬ್ದ ಧಾರಾಳವಾಗಿತ್ತು. ಅಂಗಳದ ಮೂಲೆಯಲ್ಲೊಂದು ಬಿಡಿಕೋಣೆ ಖಾಲಿ ಬಿದ್ದಿತ್ತು. ಅದಕ್ಕೆ ಬಾಡಿಗೆಗೆ ಬಂದವಳು ಮಾರಿವಿಕ್. ಫಿಲಿಪೀನ್ಸಿನ ಬತಾಂಗಸ್ ಸೀಮೆಯವಳು, ವೃದ್ಧರ ಆರೈಕೆಯ ಮನೆಯೊಂದರಲ್ಲಿ ನರ್ಸು, ಗಿಡ್ಡಗೆ ದುಂಡಗೆ ಪುಟಿಯುವ ಚೆಂಡಿನಂಥ ಹುಡುಗಿ. ಬಂದ ದಿನವೇ ನಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಅತ್ತೇ!" ಎಂದಳು.

ತಾಯಿಯಾಗದೆ ಏಕ್‌ದಂ ಅತ್ತೆಯಾಗುವ ಬಡ್ತಿ ಎಷ್ಟು ಜನರಿಗೆ ಸಿಕ್ಕೀತು, ನೀವೇ ಹೇಳಿ. ಆಮೇಲೆ ತಿಳಿಯಿತು, ಅವಳು ಅಂದದ್ದು 'ಆತೆ'. ಅವರ ಮಾತಿನಲ್ಲಿ ಹಾಗೆಂದರೆ ಅಕ್ಕ. ಇವರು 'ಕುಯಾ', ಅಣ್ಣ. ಆದರೆ ಅವಳು ಬಾಗಿಲಲ್ಲಿ ನಿಂತದ್ದು ನನ್ನ ನೋಡಲಿಕ್ಕಲ್ಲ, ನನ್ನ ಈಳಿಗೆಮಣೆ ನೋಡಲಿಕ್ಕೆ. ಓಡಿಬಂದು ಅದರ ಮೇಲೆ ಕುದುರೆ ಹತ್ತಿದವಳ ಹಾಗೆ ಆಚೆಗೊಂದು ಈಚೆಗೊಂದು ಕಾಲು ಹಾಕಿ ಕೂತು, ನನ್ನ ಕೈಯ ಕಾಯಿಹೋಳು ಕಿತ್ತುಕೊಂಡು, ನಾನು ಉಸಿರು ಬಿಡುವುದರೊಳಗೆ ತುರಿದು ಗುಡ್ಡೆ ಹಾಕಿದಳು.

"ನಮ್ಮಮ್ಮನ ಹತ್ರ ಇಂಥದ್ದೇ ಇದೆ, ಆತೆ. ಇಂಥದ್ದೇ!" ಎಂದು ಇಂಗ್ಲಿಷಿನಲ್ಲಿ ಹೇಳುತ್ತ ನಕ್ಕಳು. ನಗುತ್ತಲೇ ಮೂಗೊರೆಸಿಕೊಂಡಳು.

ಕನ್ನಡದಲ್ಲಿ ಪರದೇಶಿ ಎಂಬ ಮಾತಿಗೆ ಎರಡು ಅರ್ಥ. ಪರದೇಶದವನು ಎಂಬುದು ಒಂದು. ಹಿಂದೆ ಮುಂದೆ ಯಾರೂ ಇಲ್ಲದವನು ಎಂಬುದು ಇನ್ನೊಂದು. ಊರಲ್ಲಿದ್ದಾಗ ಎರಡನೆಯದನ್ನು ಬೈಗುಳಕ್ಕೆ ಇಟ್ಟುಕೊಂಡಿದ್ದೆವು, ಮೊದಲನೆಯದರಿಂದಲೇ ಎರಡನೆಯದು ಹುಟ್ಟಿತೆಂದು ಹೊಳೆದದ್ದು ಇಲ್ಲಿಗೆ ಬಂದ ಮೇಲೆ. ಕಿವಿಗಳೆಂದು ಕರೆಸಿಕೊಳ್ಳುವ ಈ ದೇಶದವರು ಒಳ್ಳೆಯ ಜನ, ದಾರಿಯಲ್ಲಿ ಎದುರಾದರೆ ಹವಾಮಾನದ ಬಗ್ಗೆ ಅಕ್ಕರೆಯಿಂದ ಮಾತಾಡುತ್ತಾರೆ. ಆದರೆ ಅವರಿಗೆ ತಮ್ಮ ಅಜ್ಜಿ, ತಮ್ಮ ಬೀಚು, ತಮ್ಮ ಬಾಲ್ಯದ ಗೆಳೆಯರು ಇದ್ದಾರೆ. ಹೊಸದಾಗಿ ಯಾರನ್ನಾದರೂ ಅಕ್ಕ ಎನ್ನುವ ಅಗತ್ಯವಿಲ್ಲ. ಆ ಅಗತ್ಯವಿರುವುದು ಒಬ್ಬ ಪರದೇಶಿಗೆ, ಇನ್ನೊಬ್ಬ ಪರದೇಶಿಯ ಕಡೆಗೆ. ಹೀಗಾಗಿ ಅವಳ ಒಣಮೀನಿಗೂ ನಮ್ಮ ಇಂಗಿಗೂ ಬೇಗನೆ ಒಪ್ಪಂದವಾಯಿತು. ಮೀನು ಗ್ಯಾರೇಜಿನಲ್ಲಿ ಹುರಿಯತಕ್ಕದ್ದು. ಅವಳ ಯೂನಿಫಾರಂ ಒಣಗಹಾಕಿದ್ದಾಗ ನಾನು ಒಗ್ಗರಣೆ ಹಾಕತಕ್ಕದ್ದಲ್ಲ.

ಊರಾಚೆಯ ಹಾಲಿನ ಫಾರಂ ಒಂದರಲ್ಲಿ ಹಸು ಕರೆಯುವ ಜೋಯೆಲ್ ಎಂಬ ಅವಳ ದೇಶದ ಹುಡುಗನೊಂದಿಗೆ ಮದುವೆ ಗೊತ್ತಾಯಿತು. ಬತಾಂಗಸ್‌ನಲ್ಲಿ ಜೀಪು ಓಡಿಸುವ ಅವಳಪ್ಪನೂ, ಅಮ್ಮನೂ ಬರುವುದೆಂದಾಗಿ, ಟಿಕೆಟ್ಟೂ ಆಗಿತ್ತು. ಹೊರಡುವ ಮುಂಚಿನ ವಾರ ಅಪ್ಪ ತಮ್ಮ ಜೀಪಿನ ಮೆಟ್ಟಿಲಿಂದಲೇ ಜಾರಿ ಕಾಲು ಮುರಿದುಕೊಂಡರು. ಅಮ್ಮ ಅವರನ್ನು ಬಿಟ್ಟು ಬರುವಂತಿರಲಿಲ್ಲ. ಮಾರಿವಿಕ್ ಬಿಡಿಕೋಣೆಯ ಕದ ಹಾಕಿಕೊಂಡು ಕೂತಳು. ಮುಂದಕ್ಕೆ ಹಾಕೋಣವೆಂದರೆ ಜೋಯೆಲ್‌ನಿಗೆ ಹಸುಗಳು ಮತ್ತೆ ರಜೆ ಕೊಡುವುದು ಮುಂದಿನ ವರ್ಷಕ್ಕೆ. ಸಂಜೆಗೆ ಕೆಂಪು ಕಣ್ಣು ಹೊತ್ತು ಬಂದವಳು ಇವರ ಮುಂದೆ ನಿಂತಳು.

"ಕುಯಾ, ಚರ್ಚಿನಲ್ಲಿ ಅಪ್ಪ ನನ್ನ ಕೈಹಿಡಿದು ನಡೆಸಿಕೊಂಡು ಹೋಗಬೇಕು. ಅಪ್ಪನ ಬದಲು ನೀವು ಬರ್ತೀರಾ?"

"ನಾನಾ?" ಎಂದರು ಇವರು. ಕೈಯಲ್ಲಿದ್ದ ಕಾಫಿಲೋಟ ಒಮ್ಮೆ ನನ್ನ ಕಡೆ, ಒಮ್ಮೆ ಅವಳ ಕಡೆ ತಿರುಗಿತು. "ಅಲ್ಲಮ್ಮ, ನಾವು ಹಿಂದೂಗಳು. ನಿಮ್ಮ ಪಾದ್ರಿಗಳು ಒಪ್ತಾರಾ?"

ಪಾದ್ರಿಗಳನ್ನು ಕೇಳಿದ್ದೂ ಆಯಿತು. ಆ ಮುದುಕರು, "ಅಪ್ಪನ ಬದಲು ನಡೆಯುವವನಿಗೆ ಎರಡು ಕಾಲಿದ್ದರೆ ಸಾಕು" ಎಂದುಬಿಟ್ಟರು.

ಇನ್ನು ಶುರುವಾಯಿತು ನಡಿಗೆಯ ತಾಲೀಮು. ಇವರ ನಡಿಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ಪಳಗಿದ್ದು, ಹಿಂದೆ ನಾಯಿ ಬಿದ್ದವರ ಹಾಗೆ ಬಿರುಸು. ನಮ್ಮ ಮನೆಯ ನಡುಹಾದಿಯಲ್ಲಿ ಮಾರಿವಿಕ್ ಇವರ ತೋಳು ಹಿಡಿದು ಒಂದು ಹೆಜ್ಜೆ ಇಡುವಷ್ಟರಲ್ಲಿ ಇವರು ಬಚ್ಚಲುಮನೆ ತಲುಪಿರುತ್ತಿದ್ದರು. "ಮೆಲ್ಲಗೆ, ಕುಯಾ! ಮದುವೆಗೆ ಹೋಗ್ತಿದ್ದೀವಿ, ಬಸ್ಸಿಗಲ್ಲ!" ಎಂದು ಅವಳು ಗೋಡೆಗೆ ಒರಗಿ ನಗುವಳು. ಮೂವರೂ ನಕ್ಕು ನಕ್ಕು ನೆಲದ ಮೇಲೆ ಕೂರುವೆವು. ಒಂದು ಮಾತು ಹೇಳಲೇ? ಬಂಧುಬಳಗದ ಎಷ್ಟೋ ಮದುವೆಗಳಲ್ಲಿ ಇವರು ಓಡಾಡಿದ್ದಾರೆ, ಪಂಕ್ತಿ ನೋಡಿಕೊಂಡಿದ್ದಾರೆ, ಸಾರಿಗೆ ಉಪ್ಪು ಸಾಲದೆಂದು ಅಡಿಗೆಭಟ್ಟರೊಂದಿಗೆ ಜಗಳವಾಡಿದ್ದಾರೆ. ಮಂಟಪ ಹತ್ತಿ ಹುಡುಗಿಯ ಕೈ ಹಿಡಿಯುವ ಕೆಲಸ ಮಾತ್ರ ಎಂದೂ ಇವರ ಪಾಲಿಗೆ ಬಂದಿರಲಿಲ್ಲ.

ಮದುವೆಯ ಹಿಂದಿನ ಸಂಜೆ ಜೋಯೆಲ್ ಫೋನ್ ಮಾಡಿದ. ಕೇಳಿಸಿಕೊಂಡ ಮಾರಿವಿಕ್ ತಲೆಯ ಮೇಲೆ ಕೈಹೊತ್ತಳು.

"ಫಾರಂನ ಯುಟ್ ಗಾಡಿ ಕೆಟ್ಟು ನಿಂತಿದೆಯಂತೆ. ತಕಾನಿನಿಯಿಂದ ಲೆಚೋನ್ ಬರೋದು ಹೇಗೆ?"

ಆಕ್ಲೆಂಡ್ ಬಳಿಯ ತಕಾನಿನಿಯಲ್ಲಿ ಜೋಯೆಲ್‌ನ ಸೋದರಮಾವ ಬೆನ್ ಇರುವುದು ನಮಗೆ ಗೊತ್ತಿತ್ತು. ಲೆಚೋನ್ ಯಾರೆಂದು ಗೊತ್ತಿರಲಿಲ್ಲ. ಅಲ್ಲಿನ ಹಿರಿಯರೊಬ್ಬರಿರಬೇಕು, ಬೀಗರ ಕಡೆಯವರು, ಎಂದುಕೊಂಡೆವು.

"ಅದಕ್ಕ್ಯಾಕೆ ಚಿಂತೆ, ನಾವೇ ಹೋಗಿ ಕರ್ಕೊಂಡು ಬರ್ತೀವಿ" ಎಂದರು ಇವರು.

"ಕೂರಿಸೋಕಾಗಲ್ಲ ಕುಯಾ. ಮಲಗಿಸಿಯೇ ತರಬೇಕು."

"ಪಾಪ! ನಮ್ಮದು ಉದ್ದನೆ ಕಾರು. ಹಿಂದಿನ ಸೀಟು ಮಡಿಸಿದರೆ ಆರಾಮಾಗಿ ಮಲಗಬಹುದು."

"ಚೆನ್ನಾಗಿ ಹೊದಿಸಿ ತನ್ನಿ, ತಣ್ಣಗಾಗಬಾರದು. ಲೆಚೋನ್ ಇಲ್ಲದಿದ್ದರೆ ಅದು ಮದುವೆಯೇ ಅಲ್ಲ."

ಇವರು ನನ್ನತ್ತ ತಿರುಗಿದರು. "ನೋಡಿದೆಯಾ, ಅಂಥ ಸ್ಥಿತಿಯಲ್ಲೂ ಮದುವೆಗೆ ಬರ್ತಿದ್ದಾರೆ" ಎಂದು ನನಗೆ ಹೇಳಿ, ಒಂದು ದಿಂಬು, ಒಂದು ಮೈಸೂರಿನ ಜಮಖಾನ, ನಮ್ಮಲ್ಲಿದ್ದ ಅತ್ಯಂತ ಮೆತ್ತನೆಯ ಉಣ್ಣೆಯ ಹೊದಿಕೆ ತೆಗೆದಿಟ್ಟರು.

ಬೆಳಗಾಗುತ್ತಲೇ ಹೊರಟೆವು. ವೈಕಾಟೊ ನದಿಯ ಮೇಲಿನ ಮಂಜು ರಸ್ತೆಗೂ ಹಬ್ಬಿತ್ತು. ತಕಾನಿನಿಯ ಹೊಸ ಬಡಾವಣೆಯಲ್ಲಿ ಒಂದೇ ಅಚ್ಚಿನ ಮನೆಗಳ ಸಾಲಿನಲ್ಲಿ ಬೆನ್ ಅವರದು ಹುಡುಕುವುದು ಕಷ್ಟವಾಗಲಿಲ್ಲ, ಹಿತ್ತಿಲಿಂದ ಹೊಗೆ ಏಳುತ್ತಿದ್ದದ್ದು ಅದೊಂದರಲ್ಲೇ. ಚಳಿಗೆ ಬೆಂಕಿ ಹಾಕಿರಬೇಕೆಂದುಕೊಂಡೆವು. ಬೆನ್ ಕೈಯೊರೆಸಿಕೊಳ್ಳುತ್ತ ಬಂದರು.

"ಹೇಗಿದ್ದಾರೆ, ಎದ್ದಿದ್ದಾರಾ?" ಎಂದು ಇವರು ಮೆಲುದನಿಯಲ್ಲಿ ವಿಚಾರಿಸಿದರು.

ಬೆನ್‌ಗೆ ಪ್ರಶ್ನೆ ಸರಿಯಾಗಿ ತಿಳಿದ ಹಾಗೆ ಕಾಣಲಿಲ್ಲ. "ಕತ್ತಲಿರುವಾಗಿನಿಂದ ತಿರುಗಿಸ್ತಾನೇ ಇದ್ದೀವಿ" ಎಂದರು.

"ಒಳ್ಳೇದು. ಒಂದೇ ಮಗ್ಗುಲಲ್ಲಿ ಮಲಗಿದರೆ ಬೆನ್ನು ಹುಣ್ಣಾಗಿಬಿಡುತ್ತೆ" ಎಂದು ಇವರು ತಲೆದೂಗಿದರು.

ಹಿತ್ತಿಲಿಗೆ ಹೋದೆವು. ಕಂಕುಳಲ್ಲಿ ದಿಂಬು, ತೋಳಿನ ಮೇಲೆ ಹೊದಿಕೆ ಇಟ್ಟುಕೊಂಡು ಇವರು ಮುಂದೆ, ನಾನು ಹಿಂದೆ. ಕೆಂಡದ ಮೇಲೆ, ಬಾಯಿಂದ ಬಾಲದವರೆಗೆ ಬಿದಿರಿನ ಗಳ ಪೋಣಿಸಿಕೊಂಡು, ಹೊಂಬಣ್ಣಕ್ಕೆ ತಿರುಗಿ, ಯಾವುದೋ ಸವಿಗನಸು ಕಂಡಂತೆ ಕಣ್ಣು ಮುಚ್ಚಿ ಮಲಗಿದ್ದರು ಲೆಚೋನ್ ಮಹಾಶಯರು. ಇಡಿಯ ಹಂದಿ.

ಏಳು ತಲೆಮಾರಿನಿಂದ ಈರುಳ್ಳಿಯನ್ನೂ ಅನುಮಾನಿಸಿದ ವಂಶದವರು ನಮ್ಮ ಯಜಮಾನರು. ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ನೋಡಿದರೆ ನಗು ತಡೆಯುವುದಿಲ್ಲವೆಂದೂ ಗೊತ್ತಿತ್ತು. ಬೆನ್ ದಿಂಬನ್ನೇ ನೋಡುತ್ತಿದ್ದರು. ಬೇಡವೆಂದು ಇವರು ಒಂದು ಮಾತು ಅಂದಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಆದರೆ ಅಪ್ಪನಿಲ್ಲದ ಮದುವೆಗೆ ಊಟವೂ ಇಲ್ಲದಂತಾಗುತ್ತಿತ್ತು. ಇವರು ಸ್ವಲ್ಪ ಹೊತ್ತು ಕೆಂಡ ನೋಡಿದರು, ಆಕಾಶ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ತಲೆ ಯಾವ ಕಡೆ ಮಾಡೋಣ?" ಎಂದರು.

ಅಲ್ಯೂಮಿನಿಯಂ ಹಾಳೆ ಸುತ್ತಿ, ಅದರ ಮೇಲೆ ನಮ್ಮ ಹೊದಿಕೆ ಹೊದಿಸಿ ಮಲಗಿಸಿದ್ದಾಯಿತು. ಗಳ ಉದ್ದವಾದ್ದರಿಂದ ತಲೆ ನಮ್ಮಿಬ್ಬರ ಸೀಟುಗಳ ನಡುವೆ ಬಂದು, ರಸ್ತೆ ನೋಡಲು ಇಣುಕಿದ ಹಾಗಿತ್ತು. ದಾರಿಯಲ್ಲಿ ಬಾಂಬೆ ಎಂದೇ ಹೆಸರಿರುವ ಗುಡ್ಡದ ಏರಿನಲ್ಲಿ ಇವರು ಮನಸ್ಸಿನ ಸಮಾಧಾನಕ್ಕೆಂದು ದಶಾವತಾರದ ಹೆಸರು ಹೇಳಿಕೊಳ್ಳತೊಡಗಿದರು. ಮತ್ಸ್ಯ ಎಂದರು, ಕೂರ್ಮ ಎಂದರು, ಮೂರನೆಯದಕ್ಕೆ ಬಂದವರು ಗಕ್ಕನೆ ನಿಂತರು. ಓರೆಗಣ್ಣಿನಲ್ಲಿ ನಮ್ಮ ನಡುವಿನ ಮೂತಿ ನೋಡಿದರು. ನಾನು ಅಲ್ಲಿಯವರೆಗೆ ಹಿಡಿದಿಟ್ಟ ನಗು ಸೆರಗು, ಬಾಯಿ, ಮೂಗು ಎಲ್ಲವನ್ನೂ ಹಾಯ್ದು ಹೊರಬಂತು. ಇವರಿಗೂ ಬಂತು. ಕಣ್ಣಲ್ಲಿ ನೀರು ತುಂಬಿ ರಸ್ತೆ ಕಾಣದಾಗಿ ಕಾರನ್ನು ಪಕ್ಕಕ್ಕೆ ನಿಲ್ಲಿಸಬೇಕಾಯಿತು. ಬ್ರೇಕು ಒತ್ತಿದ್ದಕ್ಕೆ ಮೂತಿ ಇವರ ಮೊಣಕೈಗೆ ತಗುಲಿತು. ಅಭ್ಯಾಸಬಲದಿಂದ ಇವರು, "ಸಾರಿ ಸಾರ್" ಎಂದರು. ಇನ್ನಷ್ಟು ಹೊತ್ತು ಅಲ್ಲೇ ನಿಂತೆವು.

ನಮ್ಮ ಕಾರು ಹ್ಯಾಮಿಲ್ಟನ್ನಿನ ಸಭಾಂಗಣದ ಮುಂದೆ ಬಂದಾಗ ಎದ್ದ ಹರ್ಷೋದ್ಗಾರ ಯಾವ ಮದುಮಗನ ದಿಬ್ಬಣಕ್ಕೂ ಸಿಕ್ಕಿರಲಾರದು. ಹೆಂಗಸರು ಚಪ್ಪಾಳೆ ತಟ್ಟಿದರು, ಗಂಡಸರು ಗಳಕ್ಕೆ ಹೆಗಲು ಕೊಟ್ಟರು, ಇವರನ್ನು ನಡುವೆ ನಿಲ್ಲಿಸಿ ಫೋಟೊ ತೆಗೆದರು. ಮನೆಗೆ ಓಡಿ ಸ್ನಾನ ಮಾಡಿ, ಸೂಟು ಹಾಕಿ ಬಂದರೂ ಹೊಗೆಯ ವಾಸನೆ ಇವರನ್ನು ಬಿಟ್ಟಿರಲಿಲ್ಲ. ಚರ್ಚಿನ ಬಾಗಿಲಲ್ಲಿ ಬಿಳಿಯುಡುಗೆಯ ಮಾರಿವಿಕ್ ಇವರ ತೋಳು ಹಿಡಿದವಳೇ ಕೋಟಿಗೆ ಮೂಗು ತಾಗಿಸಿ ಉಸಿರೆಳೆದುಕೊಂಡಳು.

"ಕುಯಾ, ನಿಮ್ಮ ಮೈಯಲ್ಲಿ ನಮ್ಮನೆ ಹಿತ್ತಿಲಿನ ವಾಸನೆ ಬರ್ತಿದೆ."

"ತಕಾನಿನಿಯದು ಕಣಮ್ಮ" ಎಂದರು ಇವರು, ಗಂಭೀರವಾಗಿ.

ವಾದ್ಯ ಶುರುವಾಯಿತು. ನಾನು ಮುಂದಿನ ಸಾಲಿನಲ್ಲಿ, ಅವರ ಪದ್ಧತಿಯಂತೆ ವಧೂವರರಿಗೆ ಒಂದೇ ಸೆರಗು ಹೊದಿಸಿ ಪಿನ್ನು ಹಾಕುವ ನನ್ನ ಕೆಲಸಕ್ಕೆ ಕಾದು ನಿಂತವಳು, ಇವರು ಎಲ್ಲಿ ಓಡಿಬಿಡುತ್ತಾರೋ ಎಂದು ಹೆದರಿದ್ದೆ. ಇವರು ಓಡಲಿಲ್ಲ. ಒಂದು ಹೆಜ್ಜೆ ಇಟ್ಟು ನಿಲ್ಲುವರು, ಇನ್ನೊಂದು ಇಟ್ಟು ನಿಲ್ಲುವರು. ಎಷ್ಟು ಮೆಲ್ಲಗೆಂದರೆ, ನುಡಿಸುವಾಕೆ ಮುಗಿದ ರಾಗವನ್ನು ಮತ್ತೆ ಮೊದಲಿಂದ ಎತ್ತಿಕೊಳ್ಳಬೇಕಾಯಿತು. ಮದುಮಗಳೇ ಇವರನ್ನು ಜಗ್ಗುತ್ತಿದ್ದಳು. ಅವಳ ಕೈಯನ್ನು ಜೋಯೆಲ್‌ನ ಕೈಗಿತ್ತು ನನ್ನ ಪಕ್ಕಕ್ಕೆ ಬಂದು ಕೂತಾಗ ಕೇಳಿದೆ, "ಅಷ್ಟು ನಿಧಾನ ಯಾಕ್ರೀ?"

"ಬೇಗ ನಡೆದರೆ ಬೇಗ ಮುಗಿದುಹೋಗುತ್ತಲ್ಲೇ" ಎಂದರು.

ಊಟದ ಹೊತ್ತಿಗೆ ನಮಗಿಬ್ಬರಿಗೆಂದು ಬೇರೆ ಬಾಣಲೆಯಲ್ಲಿ ಮಾಡಿದ ಬರಿಯ ತರಕಾರಿ ಶಾವಿಗೆ ಬಂತು; ನಾನು ಒಯ್ದಿದ್ದ ಪುಳಿಯೋಗರೆಯನ್ನು ಬೆನ್ ಕುಟುಂಬ ಒಂದು ಅಗುಳು ಬಿಡದೆ ಮುಗಿಸಿತು. ಅಷ್ಟರಲ್ಲಿ ಮಾರಿವಿಕ್‌ಳ ಮೊಬೈಲಿಗೆ ಬತಾಂಗಸ್‌ನಿಂದ ಕರೆ. ಅವಳು ಅತ್ತು, ನಕ್ಕು, "ಅಪ್ಪ ನಿಮ್ಮ ಹತ್ರ ಮಾತಾಡ್ಬೇಕಂತೆ" ಎಂದು ಫೋನನ್ನು ಇವರ ಕೈಗಿಟ್ಟಳು. ಅದೇ ಗಳಿಗೆಯಲ್ಲಿ ಗೆಳತಿಯರು ಅವಳನ್ನು ಫೋಟೊಕ್ಕೆ ಎಳೆದೊಯ್ದರು. ಆ ಕಡೆಯವರಿಗೆ ಇಂಗ್ಲಿಷ್ ಬಾರದು. ಈ ಕಡೆಯವರಿಗೆ ಅವರ ಮಾತಿನ ಗಂಧವಿಲ್ಲ. ಅಪ್ಪ ಉದ್ದಕ್ಕೆ ಏನೋ ಹೇಳಿದರು, ದನಿ ನಡುಗುತ್ತಿದ್ದದ್ದು ನನಗೂ ಕೇಳಿಸಿತು. ಇವರು ಹೂಂ, ಹೂಂ ಎನ್ನುತ್ತಿದ್ದವರು, ತಟ್ಟನೆ ಕನ್ನಡದಲ್ಲಿ ಶುರುಮಾಡಿದರು: "ಯೋಚನೆ ಮಾಡ್ಬೇಡಿ. ಹುಡುಗ ಒಳ್ಳೆಯವನು. ನಾವಿದ್ದೀವಿ. ನೀವು ಕಾಲು ಹುಷಾರಾಗಿ ನೋಡ್ಕೊಳ್ಳಿ."

ಆ ಕಡೆಯಿಂದ, "ಸಲಾಮತ್! ಸಲಾಮತ್!" ಎಂದು ಕೇಳಿಬಂತು.

ಅವರ ಮಾತಿನಲ್ಲಿ ಹಾಗೆಂದರೆ ಧನ್ಯವಾದ. ಇವರಿಗೆ ಅದು ತಿಳಿಯದು, ಹಿಂದಿಯ ಸಲಾಮತ್ ಎಂದುಕೊಂಡು, ಮಗಳು ಕ್ಷೇಮವೇ ಎಂದು ಕೇಳುತ್ತಿದ್ದಾರೆಂದೇ ಭಾವಿಸಿ, ಕೂತಲ್ಲಿಂದ ಎದ್ದು, ಸಭಾಂಗಣವೆಲ್ಲ ತಿರುಗಿ ನೋಡುವಂತೆ ಕೂಗಿದರು: "ಸಲಾಮತ್! ಸಹಿಸಲಾಮತ್! ನಿಮ್ಮ ಮಗಳು ಸಹಿಸಲಾಮತ್!"

"ಸಲಾಮತ್!" ಎಂದಿತು ಫೋನು.

"ಸಹಿಸಲಾಮತ್!" ಎಂದರು ಇವರು.

ಇಬ್ಬರಲ್ಲಿ ಯಾರೂ ನಿಲ್ಲಿಸುವ ಹಾಗಿರಲಿಲ್ಲ. ಓಡಿಬಂದ ಮಾರಿವಿಕ್ ಫೋನು ತೆಗೆದುಕೊಂಡು, "ಕುಯಾ ಏನಂದ್ರು ಅಂತ ಅಪ್ಪ ಕೇಳ್ತಿದ್ದಾರೆ. ಏನಂತ ಹೇಳಲಿ?" ಎಂದಳು. ಇವರು ಟೈಯ ತುದಿಯಿಂದ ಕಣ್ಣೊರೆಸಿಕೊಂಡು, "ಎಲ್ಲ ಚೆನ್ನಾಗಿದೆ ಅಂದೆ, ಅಷ್ಟೆ" ಎಂದರು. ಅವಳು ಅದನ್ನು ತನ್ನ ಮಾತಿನಲ್ಲಿ ಹೇಳಿದಳೋ ಇಲ್ಲವೋ, ಸಮುದ್ರದಾಚೆಯಿಂದ ಮುದಿ ನಗುವೊಂದು ಗೊರಗೊರ ಹರಿದುಬಂತು. ಅದೇ ಹೊತ್ತಿಗೆ ಯಾರೋ ಹಾಡು ಹಾಕಿದರು. ಬೆನ್ ಅವರ ಹೆಂಡತಿ ಬಂದು, ಹುಡುಗಿಯ ಅಪ್ಪ ಕೂತಿರಬಾರದೆಂದು ಕೈ ಚಾಚಿದರು. ತಮ್ಮ ಮದುವೆಯಲ್ಲೂ ಸರಿಯಾಗಿ ನಗದಿದ್ದ ಮನುಷ್ಯ ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಕೋಟನ್ನು ಕಳಚಿ ನನ್ನ ಮಡಿಲಿಗೆಸೆದು, ಕುಣಿಯಲು ಹೊರಟೇಬಿಟ್ಟರು.