ಕೂಗದ ಸೈರನ್ನೂ ನಮ್ಮ ಟೆಸ್ಟಿಂಗ್ ಮೇಡಮ್ಮೂ

ಅವರ ಎರಡು ಕಿವಿಯಲ್ಲೂ ಸದಾ ಹತ್ತಿ. ಓಲೆಗಿಂತ ಮೊದಲು ಆ ಬಿಳಿ ಉಂಡೆಗಳೇ ಕಣ್ಣಿಗೆ ಬೀಳುತ್ತಿದ್ದವು. ದಿನವಿಡೀ ಸೈರನ್ ಕೂಗಿಸಿ ನೋಡುವುದೇ ಅವರ ಕೆಲಸವಾಗಿತ್ತು. ಊಟಕ್ಕೆ ಕೂತಾಗ ಒಂದು ಕಿವಿಯದನ್ನು ಮಾತ್ರ ತೆಗೆದು, “ನಿಮ್ ಮಾತ್ಗೆ ಒಂದ್ ಕಿವಿ ಸಾಕು ಕಣ್ರಿ” ಎಂದು ನಗುತ್ತಿದ್ದರು. ಆಫೀಸಿನಲ್ಲಿ ಎಲ್ಲರಿಗೂ ಅವರು ಟೆಸ್ಟಿಂಗ್ ಮೇಡಂ.

ಕೊಳ್ಳೇಗಾಲದ ನಮ್ಮ ಪುಟ್ಟ ಕಂಪನಿ ಆನೆ ಬಂದರೆ ಕೂಗುವ ಪೆಟ್ಟಿಗೆ ಮಾಡುತ್ತದೆ. ಕಾಡಂಚಿನ ಹೊಲದಲ್ಲಿ ಅದನ್ನು ನಿಲ್ಲಿಸಿದರೆ, ಅಟ್ಟಣೆಯಲ್ಲಿ ಮಲಗಿ ಬೆಳೆ ಕಾಯುವವರನ್ನು ಅದು ಎಬ್ಬಿಸಬೇಕು. ಹನೂರಿನ ಸುತ್ತಮುತ್ತ ಹೊಸ ಪೆಟ್ಟಿಗೆಗಳಿವೆ, ಗೋಪಿನಾಥಂ ಕಡೆ ಇನ್ನೂ ಹಳೆಯವೇ. ಹೊಸದಕ್ಕೆಂದು ಬರೆದ ಸಾಫ್ಟ್‌ವೇರ್ ತಿದ್ದುಪಡಿಯನ್ನು ಹಳೆಯದಕ್ಕೂ ಹೊಂದಿಸಿ ಕೂರಿಸುವುದು ನನ್ನ ಕೆಲಸ. ಅದಕ್ಕೆ ಬ್ಯಾಕ್‌ಪೋರ್ಟ್ ಅನ್ನುತ್ತೇವೆ. ಹಾಗೆ ತಂದದ್ದನ್ನೆಲ್ಲ ಬಿಡುಗಡೆಗೆ ಮುಂಚೆ ಇಂಟಿಗ್ರೇಷನ್ ಬ್ರಾಂಚ್ ಎಂಬ ಒಂದೇ ಕಡೆ ಕೂಡಿಸಿ ಪರೀಕ್ಷೆ ಮಾಡುವುದು ಮೇಡಂ ಕೆಲಸ. ಗೋಪಿನಾಥಂನ ಅಂಥ ಒಂದು ಅಟ್ಟಣೆಯಲ್ಲಿ ಮಲಗುವವರು ನನ್ನ ಸೋದರಮಾವ ಮತ್ತು ಅತ್ತೆ.

ಮೇಜಿನ ಮೇಲಿನ ಪರೀಕ್ಷೆಯನ್ನು ಮೇಡಂ ನಂಬುತ್ತಿರಲಿಲ್ಲ. ಹಳೆಯ ಪೆಟ್ಟಿಗೆಯೊಂದನ್ನು ಗೋಣಿಚೀಲದಲ್ಲಿ ಸುತ್ತಿ, ಧನಗೆರೆಯಲ್ಲಿದ್ದ ತಂಗಿಯ ಹೊಲಕ್ಕೆ ಒಯ್ದು ಹುಣಸೆಮರಕ್ಕೆ ಕಟ್ಟುತ್ತಿದ್ದರು. ಆನೆಯ ಎತ್ತರ ಬರಬೇಕಲ್ಲ, ನಾನು ಹಗ್ಗದ ಮಂಚವನ್ನು ತಲೆಯ ಮೇಲೆ ಹೊತ್ತು ಅದರ ಮುಂದೆ ನಡೆಯಬೇಕು. “ಆನೆ ಇಂಗೆ ಓಡೋಡಿ ಬತ್ತದಾ? ಮೆಲ್ಗೆ ಬಾ ಕಣ್ಲಾ” ಎಂದು ಮರದಡಿಯಿಂದ ಗದರುತ್ತಿದ್ದರು. ಊರಿನ ದನಗಾಹಿಗಳು ಕೆಲಸ ಬಿಟ್ಟು ನನ್ನನ್ನು ನೋಡುತ್ತಿದ್ದರು.

ಕಳೆದ ಮುಂಗಾರಿನಲ್ಲಿ ನಾನು ಹಳೆಯ ಪೆಟ್ಟಿಗೆಗೆ ಎರಡು ತಿದ್ದುಪಡಿ ತಂದೆ. ಒಂದು, ಮೋಡ ಕವಿದ ದಿನ ಬ್ಯಾಟರಿ ಉಳಿಸಲು ಪೆಟ್ಟಿಗೆ ತೂಕಡಿಸುವುದು. ಇನ್ನೊಂದು, ದನ ಹಾದರೆ ಕೂಗದ ಹಾಗೆ, ಆನೆಯೆತ್ತರ ನೋಡುವ ಎರಡನೆಯ ಸೆನ್ಸರ್ ಕೂಡ ಹೌದೆಂದ ಮೇಲಷ್ಟೇ ಕೂಗುವುದು. ಬೇರೆ ಬೇರೆಯಾಗಿ ಎರಡೂ ಸರಿಯಾಗಿದ್ದವು. ಮೇಡಂ ಎರಡನ್ನೂ ಕೂಡಿಸಿ, ಸೋಲಾರ್ ಹಲಗೆಗೆ ಗೋಣಿ ಮುಚ್ಚಿ ಮೋಡ ಮಾಡಿ, ನನಗೆ ಮಂಚ ಹೊರಿಸಿದರು. ಸೈರನ್ ಕೂಗಲಿಲ್ಲ. ಹಳೆಯ ಪೆಟ್ಟಿಗೆಯಲ್ಲಿ ಎರಡನೆಯ ಸೆನ್ಸರ್ ಒಮ್ಮೆ ತೂಕಡಿಸಿದರೆ ಮತ್ತೆ ಏಳುತ್ತಿರಲಿಲ್ಲ. ಪೆಟ್ಟಿಗೆ ಅದರ ಉತ್ತರಕ್ಕೆ ಕಾಯುತ್ತಾ ಸುಮ್ಮನಿರುತ್ತಿತ್ತು.

ನಮ್ಮ ಕಂಪನಿಯ ಯಜಮಾನರಿಗೆ ಅರಣ್ಯ ಇಲಾಖೆಯ ಅಧಿಕಾರಿಗಳ ಮುಂದೆ ಮೆರೆಯುವ ಅವಸರ. “ಒಂದೊಂದೂ ಪಾಸಾಗಿದ್ಯಲ್ಲಮ್ಮ, ಇನ್ನೇನ್ ನಿನ್ ತಕರಾರು?” ಎಂದರು.

“ಒಟ್ಗೆ ಹಾಕುದ್ರೆ ಸತ್ತಂಗೆ ಬಿದ್ದದ ಸಾ. ಅಟ್ಟಣೇಲಿ ಜನ ಮಲಗವ್ರೆ, ಕಳುಸ್ಬೇಡಿ” ಎಂದರು ಮೇಡಂ.

“ಅಷ್ಟೊಂದ್ ಮೋಡ ಎಲ್ ಆದದು, ಬುಡು.”

ಮುಂಗಾರಿನಲ್ಲಿ ನಿಂತುಕೊಂಡು ಆಡುವ ಮಾತೇ ಇದು? ನಾನೂ ಬೇಡವೆಂದು ಗೋಗರೆದೆ. ಅವರು ತಮ್ಮ ಕಂಪ್ಯೂಟರಿನಿಂದಲೇ ಗೋಪಿನಾಥಂ ಪೆಟ್ಟಿಗೆಗಳಿಗೆಲ್ಲ ಅದನ್ನು ಕಳಿಸಿ, ಕಾಫಿ ತರಿಸಿಕೊಂಡು ಕುಡಿದರು.

ಮೇಡಂ ಆಚೆ ಹೋಗಿ ಮೆಟ್ಟಿಲ ಮೇಲೆ ಕೂತು ಆ ಕಡೆಯ ರೈತರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿದರು. ನನ್ನ ಮಾವನಿಗೂ ಮಾಡಿದರು. “ಅಣ್ಣಾ, ಪೆಟ್ಗೆ ನಂಬ್ಕಂಡು ಮಲಗ್ಬೇಡಿ. ಸರದಿ ಮ್ಯಾಲೆ ಎದ್ದಿರಿ.” ಆ ವಾರವೇ ಆನೆ ಬಂತು. ಪೆಟ್ಟಿಗೆ ಕೂಗಲಿಲ್ಲ. ಎಚ್ಚರವಾಗಿದ್ದ ಮಾವ ಅತ್ತೆಯನ್ನು ಕೆಳಗಿಳಿಸಿಕೊಂಡು ಓಡಿದರು. ಅಟ್ಟಣೆ ಪುಡಿಪುಡಿಯಾಯಿತು.

ಇದಕ್ಕೆ ಮೇಡಂಗೆ ಸಿಕ್ಕ ಬಹುಮಾನ ಕೆಲಸದಿಂದ ವಜಾ. ಗಿರಾಕಿಗಳಿಗೆ ಕಂಪನಿಯ ಮೇಲಿದ್ದ ನಂಬಿಕೆ ಕೆಡಿಸಿದರಂತೆ! ಹಾಗೆ ಹೇಳಲು ಆ ಮನುಷ್ಯನಿಗೆ ನಾಲಿಗೆಯಾದರೂ ಹೇಗೆ ಬಂತು? ಮೇಡಂ ತಪ್ಪು ಏನೆಂದು ನಾನು ಕೇಳಿದ್ದಕ್ಕೆ, “ನಿನ್ ಕೆಲ್ಸ ನೋಡ್ಕೊ” ಎಂಬ ಉತ್ತರ ಬಂತು. ನನಗೆ ಮೈಯೆಲ್ಲ ಉರಿದುಹೋಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಯಜಮಾನರು ಹನೂರಿನಲ್ಲಿ ಒಂದು ಸಭೆ ಮಾಡಿ, ಪೆಟ್ಟಿಗೆಯಿಂದ ಜೀವ ಉಳಿದವರೆಂದು ನನ್ನ ಮಾವನನ್ನೇ ವೇದಿಕೆಗೆ ಹತ್ತಿಸಿದರು. ಮಾವ ಮೈಕ್ ಹಿಡಿದರು.

“ಪೆಟ್ಗೆ ಉಸ್ರೇ ಬುಡ್ನಿಲ್ಲ ಸಾ. ನಮ್ಮುನ್ನ ಉಳ್ಸುದ್ದು ಫೋನ್ ಮಾಡುದ್ಳಲ್ಲ, ಆಯಮ್ಮ. ಎಲ್ಲಿ ಆಯಮ್ಮ? ಯಾಕ್ ಕರ್ಕಂಡ್ ಬಂದಿಲ್ಲ?”

ಯಜಮಾನರು ನಗುತ್ತಲೇ ಮೈಕ್ ಕಿತ್ತುಕೊಂಡರು. “ಪಾಪ, ಗಾಬ್ರೀಲಿ ಸೈರನ್ ಕೇಳ್ಸಿಲ್ಲ ಅವ್ರಿಗೆ” ಎಂದರು. ಮುಂದಿನ ಸಾಲಿನವರು ನಕ್ಕರು, ಚಪ್ಪಾಳೆಯನ್ನೂ ತಟ್ಟಿದರು.

ಮೇಡಂ ಈಗ ಯಳಂದೂರಿನಲ್ಲಿ, ತಮ್ಮ ಮನೆಯ ಹತ್ತಿರವೇ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೂರುತ್ತಾರೆ. ಅಲ್ಲಿಗೆ ಹೋಗಿ ಸಭೆಯ ಕಥೆಯನ್ನು ಸಿಟ್ಟಿನಿಂದಲೇ ಹೇಳಿದೆ. ಅವರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

“ಅದಿರ್ಲಿ, ಸರಿ ಮಾಡುದ್ಯಾ? ಎರಡ್ನೂ ಒಟ್ಗೆ ಹಾಕಿ ನೋಡುದ್ಯಾ?”

“ನೋಡ್ದೆ ಮೇಡಂ. ಕೂಗ್ತದ.”

“ಹಳೇ ಪೆಟ್ಗೇಲಿ?”

“ಹಳೇದ್ರಲ್ಲೇ.”

“ಮಂಚ ಯಾರ್ ಹೊತ್ಕಂಡ್ರು?”

“ನಮ್ಮ ಮಾವ.”

ಅವರು ಬಾಯ್ತುಂಬ ನಕ್ಕರು. ಅವರಿಗೆ ಸಮಾಧಾನವಾಯಿತು. ನನಗೆ ಇವತ್ತಿಗೂ ಆಗಿಲ್ಲ. ಆ ಒಂದು ಫೋನಿನಿಂದ ನನ್ನ ಮಾವ, ಅತ್ತೆ ಉಳಿದರು. ಅದೇ ಫೋನಿಗಾಗಿ ಮೇಡಂ ಅನ್ನ ಕಿತ್ತುಕೊಂಡರು.