ಗಳಿಗೆ ಮುರಿದ ಸೀರೆ

ಆಕೆಯ ಎಡಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದಲ್ಲಿ ಚರ್ಮವೇ ಗಟ್ಟಿಯಾಗಿ, ಹೊಳಪು ಬಂದು, ಹುಣಸೆ ಬೀಜದ ಹಾಗೆ ಕಾಣುತ್ತಿತ್ತು. ನಾನು ಮೊದಲು ನೋಡಿದ್ದು ಆಕೆಯ ಮುಖವನ್ನಲ್ಲ, ಆ ಬೆರಳನ್ನು. ಜೇವರ್ಗಿಯ ಹತ್ತಿರ ಭೀಮೆಯನ್ನು ದಾಟಿ, ಮರಳಿನ ಮೇಲೆ ನಿಂತು, ಒಂದೊಂದೇ ಬೆರಳಿನ ಸಂದನ್ನು ಸೆರಗಿನಿಂದ ಒರೆಸಿಕೊಳ್ಳುತ್ತಿದ್ದಳು. ಹತ್ತೂ ಬೆರಳು ಒಣಗುವ ತನಕ ಹೆಜ್ಜೆ ಎತ್ತಲಿಲ್ಲ. ನಾನು ಹಸಿಗಾಲಲ್ಲೇ ಮರಳು ತುಳಿದು ಮುಂದೆ ಹೊರಟವಳು. ಹಿಂದಿನಿಂದ ಮಾತು ಬಂತು, ಹಸಿಗಾಲಲ್ಲಿ ನಡೆದರೆ ಸಂಜೆಗೆ ಗುಳ್ಳೆ ಏಳುತ್ತವೆ ಅಂತ. ಎದ್ದವು ಕೂಡ.

ಆಕೆ ಕರಜಗಿಯವಳು. ನಾನು ಮಣ್ಣೂರವಳು. ಒಂದೇ ತಾಲೂಕಿನವರಾದರೂ ಅಲ್ಲಿಯ ತನಕ ಒಬ್ಬರನ್ನೊಬ್ಬರು ಕಂಡಿರಲಿಲ್ಲ. ನಾನು ಆಯಿ ಅಂದೆ, ಆಕೆ ಬೇಡ ಅನ್ನಲಿಲ್ಲ. ನನ್ನನ್ನು ಮಾತ್ರ ಕೊನೆಯ ತನಕ ಬರೀ 'ಬೇ' ಅಂತಲೇ ಕರೆದಳು.

ನಾನು ಯಾಕೆ ಒಬ್ಬಳೇ ಹೊರಟಿದ್ದೆ ಅಂತ ಹೇಳಿಬಿಡುತ್ತೇನೆ. ಎಂಟು ವರ್ಷದವಳಿದ್ದಾಗ ಜ್ವರ ಬಂದು ನನ್ನ ಎಡಗಾಲು ಸೋತುಹೋಯಿತು. ಒಂದು ವರ್ಷ ನೆಲದ ಮೇಲೆ ಕುಂಡೆ ಎಳೆದುಕೊಂಡು ಓಡಾಡಿದವಳು ನಾನು. ಅವ್ವ ಹರಕೆ ಹೊತ್ತಳು: ಮಗಳು ಎದ್ದು ನಡೆದರೆ ಹನ್ನೊಂದು ವರ್ಷ, ಒಂದೂ ತಪ್ಪದಂತೆ, ನಡೆದುಕೊಂಡೇ ಶ್ರೀಶೈಲಕ್ಕೆ ಹೋಗಿ ಭ್ರಮರಾಂಬೆಗೆ ಸೀರೆ ಕೊಡುತ್ತೇನೆ ಅಂತ. ನಮ್ಮ ಕಡೆಯವರಿಗೆ ಆ ತಾಯಿ ದೇವತೆಗಿಂತ ಹೆಚ್ಚಾಗಿ ಮಗಳು. ಮಲ್ಲಯ್ಯನಿಗೆ ಕೊಟ್ಟ ಮಗಳು. ಯುಗಾದಿಗೆ ತವರಿನ ಸೀರೆ ಹೋಗಲೇಬೇಕು, ಹಬ್ಬದ ಹಿಂದಿನ ದಿನ ದೀಪ ಹಚ್ಚುವುದರೊಳಗೆ ಮುಟ್ಟಲೇಬೇಕು. ನಾನು ಎದ್ದೆ, ನಡೆದೆ. ಎಡ ಮೀನಖಂಡ ಬಡವಾಗಿಯೇ ಉಳಿಯಿತು. ಅವ್ವ ಹತ್ತು ಸೀರೆ ಮುಟ್ಟಿಸಿ, ಹನ್ನೊಂದನೆಯದನ್ನು ಪೆಟ್ಟಿಗೆಯಲ್ಲಿಟ್ಟು, ಆ ಪುಷ್ಯದಲ್ಲಿ ತೀರಿಕೊಂಡಳು.

ಅದು ನಲವತ್ತೆಂಟನೆಯ ಇಸವಿ. ಊರೂರಿಗೆ ನಿಜಾಮರ ಕಡೆಯ ಬಂದೂಕಿನವರು ನುಗ್ಗುತ್ತಿದ್ದ ಕಾಲ. ಎಷ್ಟೋ ಮನೆಯವರು ಗಡಿ ದಾಟಿ ಸೊಲ್ಲಾಪುರದ ಕಡೆ ಹೋಗಿದ್ದರು. ಪ್ರತಿವರ್ಷ ಹೊರಡುತ್ತಿದ್ದ ಪಾದಯಾತ್ರೆಯ ತಂಡ ಈ ಸಲ ಇಲ್ಲ ಅಂದಿತು. ಮುಂದಿನ ವರ್ಷ ಎಲ್ಲರೂ ಕೂಡಿ ಹೋಗೋಣ ಅಂತ ಅಣ್ಣಂದಿರು ಹೇಳಿದರು. ಹೇಳುವುದಕ್ಕೇನು, ಹರಕೆ ಅವರ ಕಾಲಿನದಲ್ಲವಲ್ಲ. ಒಂದು ವರ್ಷ ತಪ್ಪಿದರೆ ಅವ್ವ ಸವೆಸಿದ ಹತ್ತು ವರ್ಷದ ಹಾದಿ ಮಣ್ಣುಪಾಲು. ನನಗಾಗ ಹತ್ತೊಂಬತ್ತು. ಕುಂಟಿ ಅಂತ ಯಾರೂ ಮದುವೆಯಾಗಲು ಬಂದಿರಲಿಲ್ಲ, ಹೀಗಾಗಿ ತಡೆಯುವ ಗಂಡನೂ ಇರಲಿಲ್ಲ. ನಸುಕಿನಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಸೀರೆ ಗಂಟು ಕಟ್ಟಿಕೊಂಡು, ನೆರೆಮನೆಯಾಕೆಗೆ ಹೇಳಿ ಹೊರಟೆ.

ಆಯಿ ನನ್ನನ್ನು ಜೊತೆಗೆ ಸೇರಿಸಿಕೊಂಡಳು ಅಂದುಕೊಳ್ಳಬೇಡಿ. ನನ್ನ ಬೆನ್ನು ಹತ್ತಬೇಡ, ನನ್ನ ನಡಿಗೆ ನನಗೆ, ನಿನ್ನದು ನಿನಗೆ ಅಂತ ಮೊದಲೇ ಹೇಳಿದಳು. ನಾನೂ ಏನು ಕಮ್ಮಿ, ಆಯಿತು ಅಂದು ನೂರು ಮಾರು ಹಿಂದೆಯೇ ನಡೆದೆ. ಎರಡನೆಯ ದಿನ ಆಕೆಗೇ ತಡೆಯಲಿಲ್ಲ. ನನ್ನ ತಲೆಯ ಮೇಲಿನ ಗಂಟನ್ನು ಇಳಿಸಿ, ಬಿಚ್ಚಿ, ಎರಡು ಭಾಗ ಮಾಡಿ ಬೆನ್ನಿಗೆ ಕಟ್ಟಿದಳು. ತಲೆ ಮೇಲೆ ಭಾರವಿದ್ದರೆ ಕಣ್ಣು ಕಾಲಿನ ಕಡೆ ಹೋಗುವುದಿಲ್ಲವಂತೆ. ರಾತ್ರಿ ಮಲಗುವ ಮುಂಚೆ ಅಂಗಾಲಿಗೆ ಔಡಲೆಣ್ಣೆ ತಿಕ್ಕಿಸಿದಳು. ಏರು ಹತ್ತುವಾಗ ನೀರು ಕುಡಿಯಗೊಡುತ್ತಿರಲಿಲ್ಲ, ಬಾಯಿ ತೊಳೆದುಕೊಂಡು ಉಗುಳು ಅನ್ನುತ್ತಿದ್ದಳು. ಇನ್ನೂ ಎಷ್ಟು ದೂರ ಅಂತ ಕೇಳಿದರೆ ಸಿಟ್ಟು. ದಣಿವಾದರೆ ಕುಳಿತುಕೊಳ್ಳುತ್ತಿರಲಿಲ್ಲ, ಕೋಲಿಗೆ ಗದ್ದ ಊರಿ ನಿಲ್ಲುತ್ತಿದ್ದಳು.

ಒಮ್ಮೆ ನಾನು ಒಳ್ಳೆಯ ಬೇವಿನ ನೆರಳು ಕಂಡು ಕುಕ್ಕರಿಸಿದಾಗ ಹೇಳಿದ್ದು ನೆನಪಿದೆ. "ಏಳು ಬೇ. ಕುಂತ್ರ ಕಾಲಿಗಿ ಮನಿ ನೆನಪಾಗ್ತದ."

ಐವತ್ತೈದು ದಾಟಿದ ಮುದುಕಿ. ಗಂಡನಿಲ್ಲ. ಹಾದಿಯ ಒಂದೊಂದು ಬಾವಿ, ಒಂದೊಂದು ಮಠದ ಜಗಲಿ ಆಕೆಗೆ ಗೊತ್ತಿತ್ತು. ಹದಿನಾಲ್ಕು ವರ್ಷದಿಂದ ಬಿಡದೆ ನಡೆದಿದ್ದಳು, ಒಬ್ಬಳೇ. ಆದರೆ ಒಂದು ವಿಚಿತ್ರವಿತ್ತು. ಶ್ರೀಶೈಲಕ್ಕೇನ್ರೀ ಆಯಿ ಅಂತ ಯಾರಾದರೂ ಕೇಳಿದರೆ, ಭೀಮನಕೊಳ್ಳದ ತನಕ ಅಷ್ಟೇ ಅನ್ನುತ್ತಿದ್ದಳು. ಭೀಮನಕೊಳ್ಳ ಅಂದರೆ ನಲ್ಲಮಲೆಯ ಅಡವಿಯೊಳಗಿನ ಆಳವಾದ ಕಂದರ. ಅದಕ್ಕೆ ಇಳಿದು, ಆಚೆ ಕಲ್ಲುಮೆಟ್ಟಿಲು ಹತ್ತಿದರೆ ಕೈಲಾಸ ಬಾಗಿಲು, ಅಲ್ಲಿಂದ ಗುಡಿಗೆ ಸ್ವಲ್ಪವೇ ಹಾದಿ. ಇನ್ನೂರು ಮೈಲಿ ನಡೆದವಳು ಅಷ್ಟು ಹತ್ತಿರ ಹೋಗಿ ತಿರುಗುವುದೆಂದರೇನು? ಕೇಳುವ ಧೈರ್ಯ ನನಗಿರಲಿಲ್ಲ.

ರಾಯಚೂರು ದಾಟಿದ ಮೇಲೆ ಒಂದು ನಾಕಾದಲ್ಲಿ ಬಂದೂಕಿನವರು ತಡೆದರು. ಎಲ್ಲಿಗೆ ಅಂದರು. ಮಗಳ ಮನೆಗೆ ಅಂದಳು ಆಯಿ. ಯಾವ ಊರು ಅಂದರು. ಗುಡ್ಡದ ಮೇಲೆ ಅಂದಳು. ಒಬ್ಬ ನನ್ನ ಗಂಟು ಬಿಚ್ಚಿ ಅವ್ವನ ಇಳಕಲ್ ಸೀರೆ ಹೊರಗೆಳೆದ. ಹಸಿರು ಒಡಲು, ಕೆಂಪು ಸೆರಗು. ಮಡಿಕೆ ಬಿಚ್ಚಿ ಒಳಗೆ ಏನು ಅಡಗಿಸಿದ್ದೇವೆ ನೋಡುವುದು ಅವನ ಲೆಕ್ಕ. ಹೊಸ ಸೀರೆಯ ಮೊದಲ ಮಡಿಕೆ ಬಿಚ್ಚುವುದಕ್ಕೆ ನಾವು ಗಳಿಗೆ ಮುರಿಯುವುದು ಅನ್ನುತ್ತೇವೆ. ಯಾರಿಗೆ ತಂದದ್ದೋ ಅವರೇ ಮುರಿಯಬೇಕು. ಬೇರೆಯವರು ಮುರಿದರೆ ಅದು ಉಟ್ಟು ಬಿಟ್ಟ ಸೀರೆಯ ಸಮ, ದೇವರಿಗೆ ಸಲ್ಲುವುದಿಲ್ಲ.

ಆಯಿ ಅವನ ಕೈಯ ಮೇಲೆ ಕೈಯಿಟ್ಟಳು. ದನಿ ಏರಿಸಲಿಲ್ಲ. "ಸಾಹೇಬ, ನಿಮ್ಮ ಅಕ್ಕಗ ತವರಿನ ಸೀರಿ ಒಯ್ಯುವಾಗ ಗಳಿಗಿ ಮುರದು ಒಯ್ತೀರೇನ್ರಿ?"

ಅವನು ಆಕೆಯ ಮುಖ ನೋಡಿದ. ಅಕ್ಕ ಇದ್ದಳೋ ಏನೋ, ಸೀರೆಯನ್ನು ಹಾಗೇ ಗಂಟಿನ ಮೇಲಿಟ್ಟು ಜಾವ್ ಅಂದ. ಆಯಿಯ ಗಂಟನ್ನು ಬಿಚ್ಚಿಸಲೇ ಇಲ್ಲ. ಬಿಚ್ಚಿಸಿದ್ದರೆ ನನಗೂ ಅಲ್ಲೇ ಗೊತ್ತಾಗಿಬಿಡುತ್ತಿತ್ತು.

ತುಂಗಭದ್ರೆ ದಾಟಿದಾಗ ನಿಜಾಮರ ಸೀಮೆ ಮುಗಿಯಿತು, ಅಂಜಿಕೆ ಮುಗಿಯಿತು, ಅಡವಿ ಶುರುವಾಯಿತು. ಅಲ್ಲಿ ಆಳಂದದ ಕಡೆಯ ಅಣ್ಣತಮ್ಮಂದಿರಿಬ್ಬರು ಮಲ್ಲಯ್ಯನ ಕಂಬಿ, ಅಂದರೆ ಹರಕೆಯ ಕಾವಡಿ, ಹೊತ್ತು ನಮ್ಮನ್ನು ಕೂಡಿಕೊಂಡರು. ಒಳ್ಳೆಯ ಹುಡುಗರು, ಕಾಲು ಮಾತ್ರ ಕುದುರೆಯವು. ಕಂಬಿ ನೆಲಕ್ಕೆ ಇಡುವಂತಿಲ್ಲವಾದ್ದರಿಂದ ಒಬ್ಬನ ಹೆಗಲಿಂದ ಇನ್ನೊಬ್ಬನ ಹೆಗಲಿಗೆ ಬದಲಾಯಿಸುತ್ತ ಓಡುನಡಿಗೆಯಲ್ಲೇ ಹೋಗುತ್ತಿದ್ದರು. ಮುಂದೆ ಹೋಗಿ ನಿಂತು ನಮಗಾಗಿ ಕಾಯುತ್ತಿದ್ದರು, ನಾವು ಮುಟ್ಟಿದೊಡನೆ ಮತ್ತೆ ಹೊರಡುತ್ತಿದ್ದರು. ಹೀಗಾಗಿ ದಣಿವಾರಿಸಿಕೊಳ್ಳುವ ಭಾಗ್ಯ ಅವರಿಗಿತ್ತು, ನಮಗಿರಲಿಲ್ಲ.

ಯುಗಾದಿಯ ಹಿಂದಿನ ದಿನ, ಹೊತ್ತು ನೆತ್ತಿಗೆ ಬಂದಾಗ, ಭೀಮನಕೊಳ್ಳಕ್ಕೆ ಇಳಿಯುತ್ತಿದ್ದೆವು. ಒಂದು ಉರುಟುಗಲ್ಲು ಸರಿಯಿತು. ನನ್ನ ಬಡ ಕಾಲೇ ತಿರುಚಿತು. ಕೆಳಗೆ ಕುಳಿತು ನೋಡಿಕೊಂಡರೆ ಕಾಲಿನ ಹರಡು ಬಾತು ಕುಂಬಳಕಾಯಿ. ಎದುರಿಗೆ ಗೋಡೆಯ ಹಾಗೆ ಮೆಟ್ಟಿಲು.

ಕಂಬಿಯವರು ತಿಳಿದ ಮಾತೇ ಆಡಿದರು. ಸೀರೆ ನಮ್ಮ ಕೈಗೆ ಕೊಡಕ್ಕ, ನಿಮ್ಮವ್ವನ ಹೆಸರು ಹೇಳಿ ಮುಟ್ಟಿಸುತ್ತೇವೆ, ನಾಳೆ ಬಂದು ನಿನ್ನನ್ನು ಹೊತ್ತುಕೊಂಡು ಹೋಗುತ್ತೇವೆ ಅಂದರು. ಸೀರೆ ಮುಟ್ಟುವುದು ಮುಖ್ಯವಲ್ಲವೇ? ನಾನು ಕೊಟ್ಟೇಬಿಡುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಗಂಟಿಗೆ ಕೈ ಹಾಕಿದ್ದೆ. ಆಯಿ ಕೋಲಿಗೆ ಗದ್ದ ಊರಿ ನಿಂತು ನೋಡುತ್ತಿದ್ದಳು.

"ಹರಕಿ ಸೀರಿದೋ, ಕಾಲಿಂದೋ?" ಅಂದಳು.

ನನಗೆ ಅಳು ಬಂತು. ಕಾಲಿಂದು ಅಂದೆ.

"ಹಂಗಾರ ನಡೀತೀಯೋ, ಕೊಡ್ತೀಯೋ?"

"ನಡೀತೇನಿ."

ಆಗ ಆಕೆ ಒಂದು ಕೆಲಸ ಮಾಡಿದಳು. ಹದಿನೈದು ದಿನದಲ್ಲಿ ಮೊದಲ ಸಲ ನಡುಹಾದಿಯಲ್ಲಿ ಕುಳಿತಳು. ಪಕ್ಕದ ಚಪ್ಪಟೆ ಕಲ್ಲೊಂದನ್ನು ಸೆರಗಿನಿಂದ ಒರೆಸಿ ಅದರ ಮೇಲೆ ಕುಳಿತು, ತನ್ನ ಗಂಟು ಬಿಚ್ಚಿ, ಕಂಬಳಿಯ ಒಳಗಿನಿಂದ ಒಂದು ಸೀರೆ ತೆಗೆದಳು. ಕುಂಕುಮ ಬಣ್ಣದ ಇಳಕಲ್, ಮಡಿಕೆಯ ಏಣುಗಳಲ್ಲಿ ಬಣ್ಣ ಹೋಗಿ ಬಿಳಿ ಗೆರೆ ಬಿದ್ದಿತ್ತು. ಹಳೆಯದು, ಆದರೆ ಗಳಿಗೆ ಮುರಿದಿರಲಿಲ್ಲ. ನಾನು ಬೇಡ ಅನ್ನುವುದರೊಳಗೆ ಕೊಡವಿ ಬಿಚ್ಚಿ, ಹಲ್ಲಿನಿಂದ ಕಚ್ಚಿ, ಅಂಚಿನುದ್ದಕ್ಕೂ ಪರ್ರನೆ ಹರಿದಳು. ಅಂಗೈ ಅಗಲದ ಉದ್ದ ಪಟ್ಟಿ ಬಂತು. ಬೆರಳಿನಿಂದ ಮೊಣಕಾಲಿನ ತನಕ ನನ್ನ ಕಾಲಿಗೆ ಬಿಗಿದು ಸುತ್ತುತ್ತ, ತಲೆ ಎತ್ತದೆ ಹೇಳಿದಳು.

ಆಕೆಗೊಬ್ಬಳೇ ಮಗಳು. ಹದಿನಾಲ್ಕು ವರ್ಷದ ಹಿಂದೆ ತಾಯಿ ಮಗಳು ಕೂಡಿ ಈ ಸೀರೆ ಹೊತ್ತು ಬಂದಿದ್ದರು. ಅಡವಿಯಲ್ಲಿ ಮಗಳಿಗೆ ಜ್ವರ ಏರಿತು. ಈ ಕೊಳ್ಳದಲ್ಲಿ, ಈಗ ಆಯಿ ಕುಳಿತ ಕಲ್ಲಿನ ಮೇಲೆಯೇ, ಪ್ರಾಣ ಬಿಟ್ಟಳು. ಆಗ ಆ ಮಗಳಿಗೂ ನನ್ನ ಹಾಗೆ ಹತ್ತೊಂಬತ್ತು. ಆಯಿ ಸೀರೆಯನ್ನು ಮೇಲೆ ಒಯ್ಯಲಿಲ್ಲ. ನನ್ನ ಮಗಳನ್ನು ನೀನು ಇಟ್ಟುಕೊಂಡೆ, ನಿನಗೆ ಸೀರೆ ಇಲ್ಲ ಅಂತ ಭ್ರಮರಾಂಬೆಗೆ ಇಲ್ಲಿಂದಲೇ ಕೂಗಿ ಹೇಳಿ ತಿರುಗಿದಳು. ಅಂದಿನಿಂದ ಪ್ರತಿವರ್ಷ ಅದೇ ಸೀರೆ ಹೊತ್ತು ಇಲ್ಲಿಯ ತನಕ ಬರುತ್ತಾಳೆ, ತಂದಿದ್ದೇನೆ ನೋಡು, ಕೊಡುವುದಿಲ್ಲ ಅನ್ನುತ್ತಾಳೆ, ಹೋಗುತ್ತಾಳೆ.

ಗಳಿಗೆ ಮುರಿದೆಯಲ್ಲ ಆಯಿ ಅಂತ ನಾನು ಅತ್ತೆ. ಆಕೆ ಪಟ್ಟಿಯ ತುದಿ ಗಂಟು ಹಾಕಿ, ಎಳೆದು ನೋಡಿ, "ಕಾಲಿಗಿ ಬಂತಲ್ಲ, ಬಿಡು" ಅಂದಳು.

ಕಂಬಿಯವರು ಮುಂದೆ ಹೋದರು. ನನ್ನನ್ನು ಮುಂದೆ ಬಿಟ್ಟು, ತನ್ನ ಕೋಲು ನನ್ನ ಕೈಗೆ ಕೊಟ್ಟು ಆಯಿ ಹಿಂದೆ ಬಂದಳು. ಹಿಂತಿರುಗಿ ನೋಡಕೂಡದು ಅಂತ ಕಟ್ಟಪ್ಪಣೆ. ಎತ್ತಲಿಲ್ಲ, ಹೊರಲಿಲ್ಲ, ಕೈ ಹಿಡಿಯಲಿಲ್ಲ. ನಾನು ನಿಂತಾಗ ಹಿಂದೆ ಆಕೆಯ ಉಸಿರೂ ನಿಲ್ಲುತ್ತಿತ್ತು, ನಾನು ಹೆಜ್ಜೆ ಎತ್ತಿದರೆ ಆ ಬರಿಗಾಲಿನ ಸಪ್ಪಳ ಶುರುವಾಗುತ್ತಿತ್ತು. ಕೆಲವು ಮೆಟ್ಟಿಲು ಕುಂಡೆಯ ಮೇಲೆ ಹತ್ತಿದೆ, ಎಂಟು ವರ್ಷದವಳಿದ್ದಾಗಿನ ಹಾಗೆಯೇ. ನಾಚಿಕೆ ಆಗಲಿಲ್ಲ. ಹದಿನಾಲ್ಕು ವರ್ಷ ತುಳಿಯದ ಮೆಟ್ಟಿಲುಗಳನ್ನು ಆಕೆ ನನ್ನ ಹಿಂದೆ ತುಳಿಯುತ್ತಿದ್ದಾಳೆ ಅನ್ನುವುದೊಂದೇ ತಲೆಯಲ್ಲಿತ್ತು.

ಕೈಲಾಸ ಬಾಗಿಲಲ್ಲಿ ಗಾಳಿ ಬೀಸಿತು. ಬಿಸಿಲು ಹಳದಿಯಾಗಿತ್ತು. ಇಲ್ಲಿಂದ ಏರಿಲ್ಲ, ಹೋಗು ಅಂದಳು. ನೀನೂ ಬಾ ಆಯಿ ಅಂದೆ. ತಲೆ ಅಲ್ಲಾಡಿಸಿದಳು. "ನಿನ್ನ ಹರಕಿ ನೀ ಮುಗಸು. ನನ್ನ ಜಗಳ ನನಗ ಬಿಡು."

ದೀಪ ಹಚ್ಚುವುದರೊಳಗೆ ನಾನು ಗುಡಿ ಮುಟ್ಟಿದೆ. ಗಳಿಗೆ ಮುರಿಯದ ಹಸಿರು ಸೀರೆ ತಾಯಿಯ ಮುಂದಿಟ್ಟು, ಹನ್ನೊಂದನೆಯದು, ಅವ್ವ ಕೊಟ್ಟಿದ್ದು ಅಂತಷ್ಟೇ ಹೇಳಿದೆ. ಅವ್ವ ಸತ್ತಾಗ ಬಾರದ ಅಳು ಅಲ್ಲಿ ಬಂತು. ಮರುದಿನ ಬಾಗಿಲಿಗೆ ಮರಳಿದರೆ ಆಯಿ ಇರಲಿಲ್ಲ. ಬೆಳಗಿಗೇ ಇಳಿದು ಹೋದಳು ಅಂತ, ನಸುಕಿನಲ್ಲೇ ನನ್ನನ್ನು ಹುಡುಕಿ ಬಂದಿದ್ದ ಕಂಬಿಯವರು ಹೇಳಿದರು. ಹುಡುಗಿ ಒಬ್ಬಳೇ ಊರಿಗೆ ಮರಳಬೇಕಲ್ಲ ಅಂತ ಅವರು ಕೇಳಿದ್ದಕ್ಕೆ, ಆಕೆಗೀಗ ನಡೆಯಲು ಬರುತ್ತದೆ ಅಂದಳಂತೆ. ನಾನು ಎಂಟು ದಿನ ಅಲ್ಲೇ ಇದ್ದು, ಬಾವು ಇಳಿದ ಮೇಲೆ, ಬಂದ ಹಾದಿಯಲ್ಲೇ ಮಣ್ಣೂರಿಗೆ ನಡೆದು ಮುಟ್ಟಿದೆ. ಅಣ್ಣಂದಿರು ಬೈಯಲು ಬಾಯಿ ತೆರೆದವರು ನನ್ನ ಕಾಲು ನೋಡಿ ಬಿಸಿನೀರು ಕಾಯಿಸಲು ಹೇಳಿದರು.

ಆ ಮಳೆಗಾಲ ಊರು ಬಿಟ್ಟು ಹೊರಗೆ ಕಾಲಿಡುವಂತಿರಲಿಲ್ಲ. ಮಳೆ ಹಿಂದಾದಾಗ ಗಡಿಯಾಚೆಯಿಂದ ಸೈನ್ಯ ಬಂತು, ಗಡಬಡಿ ಅಡಗಿತು. ನಾನು ಹೊಸದೊಂದು ಸೀರೆ ಕೊಂಡು, ಒಗೆದು ಮಡಿಸಿದ ಆ ಕುಂಕುಮ ಬಣ್ಣದ ಪಟ್ಟಿ, ಆಕೆಯ ಕೋಲು ತೆಗೆದುಕೊಂಡು ಕರಜಗಿಗೆ ನಡೆದೆ. ಪಟ್ಟಿಯನ್ನು ಆಕೆಯ ಕೈಗೆ ಮರಳಿ ಕೊಡಬೇಕು, ಈ ಸೀರೆಯ ಗಳಿಗೆಯನ್ನು ಆಕೆಯೇ ಮುರಿಯಬೇಕು ಅಂತ ನನ್ನ ಆಸೆ.

ಮನೆಗೆ ಬೀಗವಿತ್ತು. ಶ್ರಾವಣದಲ್ಲಿ ಹೋದಳು ಅಂತ ಪಕ್ಕದ ಮನೆಯ ಹೆಂಗಸು ಹೇಳಿದಳು. ನಾನು ಯಾರು ಅಂತ ಕೇಳಲಿಲ್ಲ, ನನ್ನ ಕೈಯಲ್ಲಿದ್ದ ಕೋಲು ನೋಡಿ ಒಳಗೆ ಕರೆದು ನೀರು ಕೊಟ್ಟಳು. ಮಣ್ಣು ಮಾಡುವಾಗ ಯಾವ ಸೀರೆ ಉಡಿಸಬೇಕು ಅಂತ ಆಯಿ ಮುಂಚೆಯೇ ಹೇಳಿಟ್ಟಿದ್ದಳಂತೆ. ಹದಿನಾಲ್ಕು ವರ್ಷ ಯಾರಿಗೂ ಮುಟ್ಟಗೊಡದಿದ್ದ ಕುಂಕುಮ ಬಣ್ಣದ ಇಳಕಲ್. ಗಳಿಗೆ ಮುರಿದಾಗಿದೆ, ಇನ್ನು ಉಡಬಹುದು ಅಂದಳಂತೆ.

"ಒಂದು ಬದಿಗಿ ಅಂಚೇ ಇದ್ದಿಲ್ರಿ ಅದಕ್ಕ," ಅಂದಳು ಆ ಹೆಂಗಸು. "ಅದನ್ನೂ ಹೇಳಿದ್ದಳು ನೋಡ್ರಿ. ಅಂಚು ಎಲ್ಲಿ ಅಂತ ಹುಡುಕಬ್ಯಾಡ್ರಿ, ಅದು ನನ್ನ ಮಗಳ ಕಾಲಾಗ ಅದ ಅಂತ."

ನಾನು ಪಟ್ಟಿಯನ್ನು ಗಂಟಿನಿಂದ ತೆಗೆಯಲೇ ಇಲ್ಲ. ಹೊಸ ಸೀರೆಯನ್ನೂ ಹಾಗೆಯೇ ಮರಳಿ ಒಯ್ದೆ. ಮುಂದಿನ ಯುಗಾದಿಗೆ ಮಣ್ಣೂರಿನ ತಂಡ ಹೊರಟಾಗ ಅದನ್ನು ಬೆನ್ನಿಗೆ ಕಟ್ಟಿಕೊಂಡು, ಪಟ್ಟಿಯನ್ನು ಎಡಗಾಲಿಗೆ ಸುತ್ತಿ, ಕೊಳ್ಳಕ್ಕಿಳಿದೆ. ಆ ಚಪ್ಪಟೆ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಸೀರೆಯನ್ನಿಟ್ಟೆ. ಆಮೇಲೆ ಎತ್ತಿಕೊಂಡು ಮೆಟ್ಟಿಲು ಹತ್ತಿದೆ. ತಾಯಿಯ ಮುಂದೆ ಇಟ್ಟು, ಇದು ಕರಜಗಿಯಿಂದ ಬಂದದ್ದು ಅಂದೆ.