ಕಾಸದ ಹಾಲಿನ ಚೀಸು

ಚೀಸು ಕೊಳ್ಳುವವರಿಗೆ ನನ್ನದೊಂದು ಮಾತು: ಮೊದಲು ಮೂಸಿ, ಆಮೇಲೆ ಹೆಬ್ಬೆರಳಿನಿಂದ ಒತ್ತಿ ನೋಡಿ, ದರದ ಮಾತು ಕೊನೆಗೆ. ಬನಹಟ್ಟಿಯ ಸೀರೆ ಹೊತ್ತು ಪುಣೆಗೆ ಓಡಾಡುತ್ತಿದ್ದ ದಿನಗಳಲ್ಲಿ ಅಲ್ಲಿಯ ಒಬ್ಬ ಅಂಗಡಿಕಾರನಿಂದ ಇದನ್ನು ಕಲಿತೆ. ಅಲ್ಲಿಯವರೆಗೆ ನಮಗೆ ಗೊತ್ತಿದ್ದದ್ದು ಎಮ್ಮೆ ಈದಾಗಿನ ಗಿಣ್ಣ, ಮದುವೆ ಊಟದ ಪನೀರು, ಅಷ್ಟೇ. ತೂತು ತೂತಾದದ್ದು, ಹೊಗೆ ಹಿಡಿಸಿದ್ದು, ಮೇಲೆ ಬಿಳಿ ಬೂಷ್ಟು ಬೆಳೆದು ಒಳಗೆ ಬೆಣ್ಣೆಯಂತಾದದ್ದು, ಸಲಕ್ಕೊಂದು ತುಂಡು ತಂದು ಬಿಸಿ ರೊಟ್ಟಿಯ ಮೇಲಿಟ್ಟುಕೊಂಡು ತಿನ್ನುತ್ತಿದ್ದೆ. ಹೆಂಡತಿ ಮೂಗು ಮುಚ್ಚಿಕೊಂಡು ಎದ್ದು ಹೋಗುತ್ತಿದ್ದಳು.

ಜೊತೆಗೆ ಕೂತು ತಿಂದವಳು ತಂಗಿ. ಎರಡು ಬಸಿರು ನಿಲ್ಲದೆ ಹೋಗಿ, ಮೂರನೆಯದಕ್ಕೆ ಐದು ತಿಂಗಳು ತುಂಬಿ, ವಿಶ್ರಾಂತಿಗೆಂದು ನಮ್ಮ ಮನೆಗೆ ಬಂದಿದ್ದಳು. ಅವಳಿಗೆ ಹುಳಿಯ ಬಯಕೆ.

“ಅಣ್ಣಾ, ಇದು ನಾರತೈತಿ,” ಅಂದಳು ಒಮ್ಮೆ. “ಇನ್ನೊಂದೀಟು ಕೊಡು.”

ಅದೇ ಚಳಿಗಾಲದಲ್ಲಿ ಮುಧೋಳದ ಆಚೆ ಎಮ್ಮೆ ಸಾಕಿದ ಒಬ್ಬಾತ ಚೀಸು ಮಾಡುತ್ತಾನೆಂದು ತಿಳಿಯಿತು. ಪರಿಚಯದವರ ಕೈಯಲ್ಲಿ ಒಂದು ಗಡ್ಡೆ ತರಿಸಿದೆ. ಮೆತ್ತಗೆ, ಉಪ್ಪುಪ್ಪಾಗಿ, ನಾಲಿಗೆಯ ಅಂಚಿಗೆ ಹುಳಿ. ಪುಣೆಯದಕ್ಕಿಂತ ಮೇಲು. ತಂಗಿಗೆಂದು ಅದನ್ನು ತೆಗೆದಿರಿಸಿ, ಮರುದಿನ ಮೋಟಾರ್‌ಸೈಕಲ್ ಹತ್ತಿ ಸಗಟು ದರ ಮಾತಾಡಲು ಹೋದೆ.

“ಹಾಲ ಕಾಸೂದಿಲ್ರೀ,” ಅಂದ ಅವನು. “ಕಾಸಿದ್ರ ಆ ರುಚಿ ಬರೂದಿಲ್ಲ.”

ನಾನು ದರ ಅರ್ಧಕ್ಕೆ ಇಳಿಸಿ ಕೇಳಿದೆ. ಹಟ ಮಾಡುತ್ತಾನೆಂದುಕೊಂಡರೆ, ಕೂಡಲೇ “ಆತ್ರೀ” ಅಂದುಬಿಟ್ಟ. ಅಷ್ಟು ಬೇಗ ಒಪ್ಪಿದವನ ಮಾಲನ್ನು ನಾನು ಎರಡನೇ ಸಲ ನೋಡದೆ ಬಿಡುವುದಿಲ್ಲ. ಕೊಟ್ಟಿಗೆಗೆ ಹೋದೆ. ಕರೆಯುವ ಎಮ್ಮೆಗಳು ಸಾಲಾಗಿ ನಿಂತಿದ್ದವು. ಕರು ಕಟ್ಟುವ ಗೂಟಗಳು ಬರಿದಾಗಿದ್ದವು. ಹಾಲಿನ ವ್ಯವಹಾರಕ್ಕೆ ಹೋದವರು ಕೆಚ್ಚಲು ನೋಡುತ್ತಾರೆ. ನೀವು ಕರು ನೋಡಿ.

“ಕರಾ ಎಲ್ಲಿ ಅದಾವ?”

ಅವನು ಹುಲ್ಲು ಸರಿಸುತ್ತ ನಿಂತ. “ಕಂದ ಹಾಕ್ಯಾವ್ರೀ. ಥಂಡಿಗೆ.”

“ಎಲ್ಲಾನೂ?”

“ಒಂದು ಹಾಕ್ತು, ಬಾಜೂದ್ದು ಹಾಕ್ತು, ಹಂಗ ಸಾಲ ಹಿಡದು ಹಾಕಿದ್ವು.”

ಥಂಡಿಗೆ ಎಮ್ಮೆ ನಡುಗುತ್ತದೆ, ಸಾಲು ಹಿಡಿದು ಗರ್ಭ ಹಾಕುವುದಿಲ್ಲ. ಇದು ಅಂಟುರೋಗ, ತಂಗಿಗೆ ತೆಗೆದಿರಿಸಿದ ಗಡ್ಡೆ ಇದೇ ಹಾಲಿನದು ಎಂದು ಹೊಳೆದದ್ದೇ ಮೋಟಾರ್‌ಸೈಕಲ್ ತಿರುಗಿಸಿದೆ. ಮನೆಗೆ ಆಗಿನ್ನೂ ಫೋನು ಬಂದಿರಲಿಲ್ಲ. ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬ ನಿಂತಿದ್ದವು, ದಾಟಲು ದಾರಿಯಿಲ್ಲ. ಮನೆ ಮುಟ್ಟಿದಾಗ ತಂಗಿ ಬೆರಳು ನೆಕ್ಕುತ್ತ ಹೊರಗೆ ಬಂದಳು.

“ಎಷ್ಟು ತಿಂದಿ?”

“ನಿನಗೂ ಉಳಿಸೇನಿ. ಹಿಂಗ್ಯಾಕ ನೋಡ್ತಿ?”

ಅಂದೇ ಅವಳನ್ನು ಜಮಖಂಡಿಯ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡು ರಕ್ತ ತೆಗೆದರು. “ದನ ಕಂದ ಹಾಕೂ ಆ ಬ್ಯಾನಿ ಹಸಿ ಹಾಲಾಗ ಮನಷ್ಯಾರಿಗೂ ಬರತೈತ್ರೀ. ಈಗಿನ ಪರೀಕ್ಷೆ ನಂಬಾಕ ಬರೂದಿಲ್ಲ. ಮೂರು ವಾರ ಬಿಟ್ಟು ಮತ್ತ ನೋಡೂಣು. ನಡುವ ಸಂಜಿ ಜ್ವರ ಬಂದ್ರ ತಡಾ ಮಾಡಬ್ಯಾಡ್ರಿ.”

“ಏನಾರ ಖಾತ್ರಿ ಹೇಳ್ರಿ,” ಅಂದೆ. ಜೀವನವೆಲ್ಲ ಎದುರಿನವರಿಂದ ಒಂದು ಮಾತು ಕಿತ್ತುಕೊಂಡೇ ಎದ್ದವನು.

“ಹೇಳಾಕ ಬರೂದಿಲ್ರೀ.”

ಜ್ವರ ಬಂತು. ಸಂಜೆ ಮಗ್ಗಗಳ ಸದ್ದು ನಿಂತ ಹೊತ್ತಿಗೆ ಅವಳ ಹಣೆ ಬಿಸಿಯಾಗುತ್ತಿತ್ತು, ಬೆಳಗಿಗೆ ತಣ್ಣಗಾಗುತ್ತಿತ್ತು. ಗುಳಿಗೆ ಶುರುವಾದವು. ಅವಳು ಬೆನ್ನು ನೋವೆಂದರೆ ಹೆಂಡತಿಯ ಮುಖ ಬಿಳಿಚಿಕೊಳ್ಳುತ್ತಿತ್ತು. ತಂಗಿ ಮಾತು ಕಡಿಮೆ ಮಾಡಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂಡತೊಡಗಿದಳು. ಒಮ್ಮೊಮ್ಮೆ ಕೈಯ ಜಾಗ ಬದಲಿಸಿ ಮತ್ತೆ ಕಾಯುತ್ತಿದ್ದಳು.

ಹೆರಿಗೆ ನೋವು ಒಂದು ತಿಂಗಳು ಮೊದಲೇ ಬಂತು. ನಾನು ಆಸ್ಪತ್ರೆಯ ಬಾಗಿಲಾಚೆ ನಿಂತಿದ್ದೆ. ಒಳಗೆ ಓಡಾಟ, ಲೋಹದ ತಟ್ಟೆಯ ಸದ್ದು, ಆಮೇಲೆ ಏನೂ ಇಲ್ಲ. ತಂಗಿಯ ದನಿ ಮಾತ್ರ ಕೇಳಿಸಿತು:

“ಯಾಕ ಅಳವಲ್ದು?”

ಅವಳು ಮತ್ತೆ ಕೇಳಿದಳು. ಆಮೇಲೆ, ಬಹಳ ಸಣ್ಣದಾಗಿ, ಕೂಸು ಅತ್ತಿತು.